ಕರಡಿಯ ಎದುರು ಅಕ್ಕ ಆಡಿದ ಮಾತು

ಕಾಡು ಸುತ್ತುವ ಹುಚ್ಚು ನನಗೂ ಅಕ್ಕನಿಗೂ ಹಿಡಿದದ್ದು ಇಬ್ಬರಿಗೂ ಐವತ್ತು ದಾಟಿದ ಮೇಲೆ. ಬಂಡೀಪುರಕ್ಕೆ ಹೋಗಿ ಬಂದೆವು, ಕುದುರೆಮುಖ ಹತ್ತಿದೆವು. ಜಿಂಕೆ, ನವಿಲು ಬಿಟ್ಟರೆ ದೊಡ್ಡ ಪ್ರಾಣಿ ಯಾವುದೂ ಕಣ್ಣಿಗೆ ಬೀಳಲಿಲ್ಲ. ಕರಡಿ ಸಿಕ್ಕಿದ್ದು ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಹತ್ತಿರ, ಅಕ್ಕನ ಮನೆಯ ಮಹಡಿಯಿಂದ ಕಾಣುವ ಬೆಟ್ಟದಲ್ಲಿ.

ಅದು ಸೀತಾಫಲದ ಕಾಲ. ಬೆಳಿಗ್ಗೆಯೇ ಹತ್ತಿ, ಆಂಧ್ರದ ಕಡೆಯ ಬೆಟ್ಟಗಳ ಸಾಲನ್ನು ಕಣ್ತುಂಬ ನೋಡಿ ಇಳಿಯುತ್ತಿದ್ದೆವು. ಎರಡು ಬಂಡೆಗಳ ನಡುವಿನ ಇಕ್ಕಟ್ಟು ದಾರಿಗೆ ತಿರುಗಿದಾಗ ಮುಂದಿದ್ದ ಅಕ್ಕ ಗಕ್ಕನೆ ನಿಂತಳು. ಕೆಳಗೆ, ಕಲ್ಲೆಸೆತದಷ್ಟೂ ದೂರವಿಲ್ಲ, ಗಿಡದ ಬುಡದಲ್ಲಿ ಕರಡಿಯೊಂದು ಹಣ್ಣು ತಿನ್ನುತ್ತಿತ್ತು. ಬೆನ್ನ ಮೇಲೆ ಮರಿ. ಮರಿಯಿರುವ ಕರಡಿ ನೇರ ಮುಖಕ್ಕೇ ಬೀಳುತ್ತದೆಂದು ಆ ಕಡೆ ಎಲ್ಲರಿಗೂ ಗೊತ್ತು. ನಾನು ಓಡಲು ತಿರುಗಿದೆ. ಅಕ್ಕ ನನ್ನ ಮುಂಗೈ ಹಿಡಿದಳು.

"ಓಡ್ಬೇಡ ಕಣೇ. ಅದಿನ್ನೂ ನಮ್ಮನ್ನ ನೋಡಿಲ್ಲ."

ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಿದ್ದೆವು. ಆಗಲೇ ಅವಳ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ಕರಡಿ ಹಿಂಗಾಲ ಮೇಲೆ ಎದ್ದು, ಮೂತಿ ಎತ್ತಿ ಗಾಳಿ ಮೂಸಿತು. ಮರಿ ಜಾರಿ ಕೆಳಗಿಳಿಯಿತು. ತಾಯಿಯ ಎದೆಯ ಬಿಳಿ ಗೆರೆ ಕೂಡ ನನಗೆ ಕಂಡಿತು. ಫೋನು ನಿಲ್ಲಲೇ ಇಲ್ಲ.

ಅಕ್ಕ ಅದನ್ನು ತೆಗೆದು ಕಿವಿಗಿಟ್ಟಳು. ಆ ಕಡೆ ಬಾವ. ಕರಡಿಯ ಮೇಲಿಟ್ಟ ಕಣ್ಣು ಕೀಳದೆ, ಗಟ್ಟಿ ದನಿಯಲ್ಲಿ, ಬಾವನ ಮನೆಮಾತಾದ ತೆಲುಗಿನಲ್ಲಿ ಶುರುಮಾಡಿದಳು.

"ಅನ್ನಂ ಕುಕ್ಕರ್‌ಲೋ ಉಂದಿ."

ಅನ್ನ ಕುಕ್ಕರಿನಲ್ಲಿದೆ, ಸಾರು ಬಿಸಿ ಮಾಡಿಕೊಳ್ಳಬೇಕು, ಮೊಸರು ಫ್ರಿಜ್ಜಿನಲ್ಲಿದೆ, ಹಿತ್ತಲ ಬಾಗಿಲು ಹಾಕಿರಬೇಕು ಎನ್ನುತ್ತ ನನ್ನನ್ನೂ ಎಳೆದುಕೊಂಡು ಹಿಂದೆ ಸರಿದಳು. ಮನುಷ್ಯರಿದ್ದಾರೆಂದು ಅದಕ್ಕೆ ತಿಳಿಯಲಿ ಎಂದೋ, ಬರೀ ಭಯಕ್ಕೋ, ಆಗ ನನಗೆ ಅರ್ಥವಾಗಲಿಲ್ಲ. ಕರಡಿ ಒಮ್ಮೆ ಗುರುಗುಟ್ಟಿ ನಾಲ್ಕೂ ಕಾಲು ಊರಿತು. ಮರಿ ಮತ್ತೆ ಬೆನ್ನೇರಿತು. ಎರಡೂ ಪೊದೆಯೊಳಗೆ ಮರೆಯಾದವು. ಪೊದೆ ಅಲುಗುವುದು ನಿಂತ ಮೇಲೂ ಅಕ್ಕ ಮಾತಾಡುತ್ತಲೇ ಇದ್ದಳು.

ಆಮೇಲೆ ಬಂಡೆಗೊರಗಿ ಕುಸಿದಳು. ಏನಾಯಿತೆಂದು ಕೇಳುತ್ತಿದ್ದ ಬಾವನಿಗೆ ಕರಡಿ ಎಂದಷ್ಟೇ ಹೇಳಿ, ಫೋನು ನನ್ನ ಕೈಗಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಇಳಿದೆವು. ಬಾಯಿಗೆ ಬಂದದ್ದನ್ನೆಲ್ಲ ಜೋರಾಗಿ ಮಾತಾಡಿದೆವು. ಸುಮ್ಮನಾಗಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕೆಳಗೆ ಟೊಮೆಟೊ ತೋಟದ ಬೇಲಿ ಸಿಕ್ಕಾಗ ಅಕ್ಕ ನಿಂತು ಉಸಿರು ಬಿಟ್ಟಳು.

"ನೋಡಿದ್ಯಾ, ಮರಿ ಎಷ್ಟು ಪುಟ್ಟದಿತ್ತು."