ಚೆಂಗ್ಡುವಿನಲ್ಲಿ ನುಂಗಿದ ಉಂಡೆ

ಚೀನಾದ ಚೆಂಗ್ಡು ಬಹಳ ಹಳೆಯ ಊರು. ಅಲ್ಲಿನ ಮಗ್ಗದ ರೇಷ್ಮೆಯನ್ನೆಲ್ಲ ನೋಡಿ ಸುಸ್ತಾಗಿ, ನಾನು ಮತ್ತು ಗೆಳೆಯ ಕಿಕ್ಕೇರಿ ಸೋಮಣ್ಣ ಒಂದು ತಿಂಡಿ ಅಂಗಡಿ ಹೊಕ್ಕೆವು. ಅಂಗಡಿಯ ಅಜ್ಜಿ ಬಿಸಿನೀರಲ್ಲಿ ತೇಲುವ ಬಿಳಿ ಅಕ್ಕಿ ಉಂಡೆಗಳ ಬಟ್ಟಲು ತಂದಿಟ್ಟಳು.

"ಇದು ಇವ್ರ ಮುದ್ದೆ ಕಣ್ಲಾ. ಅಗೀಬ್ಯಾಡ, ನುಂಗು" ಅಂದೆ.

ಸೋಮಣ್ಣ ಒಂದನ್ನು ಆರಿಸಿಕೊಂಡು ಗುಳುಂ ಮಾಡಿದ. ಗಂಟಲಿಗೆ ಸಿಕ್ಕಿಕೊಂಡಿತೆಂದು ಹೆದರಿದ ಅಜ್ಜಿ ಓಡಿಬಂದು ಅವನ ಬೆನ್ನಿಗೆ ಗುದ್ದತೊಡಗಿದಳು.

"ಯಾಕವ್ವೋ ಒಡೀತೀಯ? ಉಣ್ಣಾಕ್ ಬುಡು!"

ಅಷ್ಟರಲ್ಲಿ ನಾನೊಂದು ಉಂಡೆ ಕಚ್ಚಿದೆ. ಒಳಗೆ ಎಳ್ಳು, ಸಕ್ಕರೆ! ಥೇಟ್ ನಮ್ಮ ಸಂಕ್ರಾಂತಿ.

"ನಂಗೆ ರುಚೀನೇ ಗೊತ್ತಾಗ್ನಿಲ್ಲ. ಎಂಗದ್ಲಾ?" ಎಂದ ಸೋಮಣ್ಣ, ಬೆನ್ನು ಸವರಿಕೊಳ್ಳುತ್ತ.

"ಬರೀ ಸಪ್ಪೆ, ಬುಡ್ಲಾ" ಎಂದು ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡು ಉಳಿದದ್ದನ್ನೆಲ್ಲ ನಾನೇ ತಿಂದು ಮುಗಿಸಿದೆ. ಗೆಳೆಯನಿಗಾಗಿ ಇಷ್ಟಾದರೂ ಕಷ್ಟಪಡದಿದ್ದರೆ ಹೇಗೆ?