ಮಾವನಿಗೆಂದು ಹಾಕುವ ಎಲೆ

ನಿನ್ನ ಅಪ್ಪ ಆ ಮಾತು ಹೇಳಲಿಲ್ಲ, ಪೊನ್ನುತಾಯಿ. ಹೇಳಿದರು ಎಂದದ್ದು ನಾನು. ನಮ್ಮ ಮದುವೆಯ ದಿನ ಬೆಳಿಗ್ಗೆ, ಮುಹೂರ್ತಕ್ಕೆ ಇನ್ನೆರಡು ಗಂಟೆ ಇರುವಾಗ, ತೇನಿಯ ಆಸ್ಪತ್ರೆಯಿಂದ ಬಂದು ನಿನ್ನ ಮುಖ ನೋಡುತ್ತಾ ನಾನು ಹೇಳಿದ್ದು — ಇಪ್ಪತ್ತೈದು ವರ್ಷಕ್ಕೂ ಮೇಲೆ ನೀನು ದೇವರ ಪ್ರಸಾದದ ಹಾಗೆ ಜೋಪಾನ ಮಾಡಿಕೊಂಡು ಬಂದದ್ದು — ಅದು ಶುದ್ಧ ಸುಳ್ಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ, ಅದು ಸಾಕಾಯಿತು.

ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ದ್ರಾಕ್ಷಿ ಲಾರಿಯ ಜೊತೆ ಮೈಸೂರಿಗೆ ಓಡಾಡುವಾಗ ಅಂಗಡಿಗಳ ಬೋರ್ಡು ಓದಿ, ಆಮೇಲೆ ಪೇಪರು ಓದಿ ಕಲಿತ ಅಕ್ಷರ. ಮನೆಯಲ್ಲಿ ನಾವು ಆಡುವುದು ಕನ್ನಡವಾದರೂ ನಿನಗೆ ಓದಲು ಬರುವುದು ತಮಿಳು, ಇದು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಆರಿಸಿಕೊಂಡೆನಲ್ಲ — ನನ್ನ ಯೋಗ್ಯತೆ ಇಷ್ಟೇ ನೋಡು.

ನಿನಗೆ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ತೊಂಬತ್ತೆಂಟು, ಆವಣಿ ತಿಂಗಳು. ಹಿಂದಿನ ಸಂಜೆ ನೀವೆಲ್ಲ ವೇದಸಂದೂರಿನಿಂದ ವ್ಯಾನಿನಲ್ಲಿ ನಮ್ಮ ಹನುಮಂತನಪಟ್ಟಿಗೆ ಹೊರಟಿದ್ದಿರಿ. ತೇನಿಯಲ್ಲಿ ಟೀಗೆ ಇಳಿದಾಗ ಮಾವ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ವಾಯು ಇರಬೇಕು, ನೀವು ಹೊರಡಿ, ನಾನು ಬೆಳಿಗ್ಗೆ ಬರುತ್ತೇನೆ ಎಂದು ನಿಮ್ಮನ್ನು ಸಾಗಹಾಕಿದರು. ನಿನ್ನ ಚಿಕ್ಕಪ್ಪ ಒಬ್ಬರು ಜೊತೆಗೆ ಉಳಿದು ಅಲ್ಲಿನ ಆಸ್ಪತ್ರೆಗೆ ಸೇರಿಸಿದರು. ನಿನಗೆ ಐದು ವರ್ಷವಾದಾಗಲೇ ಅವ್ವ ತೀರಿಹೋಗಿದ್ದಳು. ನೂಲಿನ ಮಿಲ್ಲಿನ ಕೆಲಸ ಮುಗಿಸಿ ಬಂದು ನಿನಗೆ ಜಡೆ ಹಾಕಿ ಸಾಕಿದ ಮನುಷ್ಯ ಅವರು. ನೀನು ನಮ್ಮೂರಿಗೆ ಬಂದು ಇಳಿದಾಗ ಕಣ್ಣು ಊದಿತ್ತು. ಮದುಮಗಳು ಅಂದರೆ ಅಳುವುದೇ ಎಂದು ಹೆಂಗಸರು ನಕ್ಕರು.

ಆ ರಾತ್ರಿಯೇ ನಮ್ಮಿಬ್ಬರಿಗೂ ಕಾಪು ಕಟ್ಟಿದರು. ಮಣಿಕಟ್ಟಿಗೆ ಆ ಅರಿಸಿನದ ದಾರ ಬಿದ್ದ ಮೇಲೆ ಮದುವೆ ಮುಗಿದು ಅದನ್ನು ಬಿಚ್ಚುವ ತನಕ ಊರೆಲ್ಲೆ ದಾಟಬಾರದು, ಸಾವಿನ ಮನೆಯನ್ನಾಗಲಿ ರೋಗಿಯನ್ನಾಗಲಿ ನೋಡಬಾರದು. ಚಿಕ್ಕಂದಿನಿಂದ ಕೇಳಿದ್ದೇ.

ಬೆಳಿಗ್ಗೆ ಆರಕ್ಕೆ ಮುಂಚೆ, ನಾನು ಕ್ಷೌರಕ್ಕೆ ಕೂರುವ ಹೊತ್ತಿಗೆ, ನಮ್ಮ ಮನೆಯ ಎದುರಿನ ಟೆಲಿಫೋನ್ ಬೂತಿನ ಅಣ್ಣಾಚ್ಚಿ ಬಂದು ನನ್ನನ್ನು ಪಕ್ಕಕ್ಕೆ ಕರೆದ. ಚಿಕ್ಕಪ್ಪನ ಫೋನು. ‘ಅಣ್ಣಂಗೆ ಜಾಸ್ತಿ ಆಗ್ಬುಟ್ಟದೆ, ಯಾರಾನ ಬನ್ನಿ’ ಎಂದಷ್ಟೇ ಹೇಳಿ ಇಟ್ಟರು. ನಾನು ಯಾರಿಗೂ ಹೇಳಲಿಲ್ಲ. ಗೆಳೆಯನ ಬೈಕು ತೆಗೆದುಕೊಂಡು ಹೊರಟೇಬಿಟ್ಟೆ. ಹೊರಡುವಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದನ್ನು ನೀನು ನಂಬಬೇಕು — ಇಲ್ಲ, ನಂಬು ಎಂದು ಕೇಳುವ ಹಕ್ಕು ನನಗಿಲ್ಲ. ದಾರಿಯಲ್ಲಿ ಕಾಪಿನ ದಾರ ಕ್ಲಚ್ಚಿನ ಹಿಡಿಗೆ ಸಿಕ್ಕಿ ಗಂಟು ಸಡಿಲವಾಯಿತು. ಬೈಕು ನಿಲ್ಲಿಸಿ ಹಲ್ಲಿನಲ್ಲಿ ಕಚ್ಚಿ ಬಿಗಿದುಕೊಂಡೆ. ಬಾಯೆಲ್ಲ ಅರಿಸಿನ.

ನಾನು ಹೋದಾಗ ಚಿಕ್ಕಪ್ಪ ಔಷಧಿ ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದರು. ಕೋಣೆಯಲ್ಲಿ ಮಾವ ಒಬ್ಬರೇ. ನನ್ನನ್ನು ಕಂಡು ಮೂಗಿನ ಮೇಲಿನ ಆಕ್ಸಿಜನ್ ಮುಚ್ಚಳವನ್ನು ತಾವೇ ಎತ್ತಿದರು. ನನ್ನ ಕೈ ಹಿಡಿದು ದಾರದ ಮೇಲೆ ಬೆರಳಾಡಿಸಿದರು.

‘ಕಾಪು ಕಟ್ಟವ್ರೆ, ಆದ್ರೂ ಬಂದ್ಯಲ್ಲ ಮಾಪಿಳ್ಳೆ’ ಅಂದರು. ತಾಳಿ ಬೀಳುವ ಮುಂಚೆಯೇ ಅಳಿಯ ಎಂದು ಕರೆದರು. ಆಮೇಲೆ ಉಸಿರು ಕೂಡಿಸಿಕೊಂಡು, ‘ಪಾಪಾನ ಕರ್ಕೊಂಡ್ ಬಾ. ಒಂದ್ ತಡವೆ ಮೊಕ ನೋಡ್ಬೇಕು.’

ಪಾಪ ಎಂದರೆ ನೀನು. ಇಪ್ಪತ್ತಮೂರು ವರ್ಷದ ನಿನ್ನನ್ನು ಅವರು ಪಾಪ ಎಂದೇ ಕರೆಯುತ್ತಿದ್ದರು.

‘ಕರ್ಕೊಂಡ್ ಬತ್ತೀನಿ ಮಾವ’ ಅಂದೆ. ಮಾತು ಕೊಟ್ಟೆ. ಹೊರಗೆ ನರ್ಸಮ್ಮ ತಡೆದು, ‘ಪೊಣ್ಣ ಸೀಕ್ರಂ ಕೂಟ್ಟಿಟ್ಟು ವಾಂಗ’ ಎಂದಳು. ಹುಡುಗಿಯನ್ನು ಬೇಗ ಕರೆತನ್ನಿ ಎಂದು ಅವಳೂ ಹೇಳಿದಳು. ಇನ್ನೂ ಹೊತ್ತು ಇತ್ತು, ಪೊನ್ನು. ಏಳೂವರೆಗೆ ನಾನು ಊರಲ್ಲಿದ್ದೆ. ನಿಮ್ಮ ವ್ಯಾನು ಹುಣಸೆ ಮರದ ಕೆಳಗೇ ನಿಂತಿತ್ತು, ಡ್ರೈವರ್ ಅದರೊಳಗೇ ಮಲಗಿದ್ದ. ಎಬ್ಬಿಸಿದ್ದರೆ ಎಂಟೂವರೆಗೆ ನೀನು ಅವರ ಪಕ್ಕದಲ್ಲಿರುತ್ತಿದ್ದೆ. ಅವರು ಹೋದದ್ದು ಹತ್ತರ ಮೇಲೆ.

ಯಾವ ತಿರುವಿನಲ್ಲಿ ಮನಸ್ಸು ಬದಲಾಯಿತು? ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿಬಂದು ಹುಡುಕಿದ್ದೇನೆ. ಚಿನ್ನಮನೂರು ದಾಟಿದ ಮೇಲೋ, ಭತ್ತದ ಗದ್ದೆಗಳ ಹತ್ತಿರವೋ — ಎಲ್ಲೋ ಒಂದು ಕಡೆ ನನ್ನ ಹಳೆಯ ಭಯ ಬಂದು ಹಿಂದಿನ ಸೀಟಿನಲ್ಲಿ ಕೂತಿತು. ನಿನಗಿಂತ ಮುಂಚೆ ನನಗೊಂದು ಹುಡುಗಿ ನಿಶ್ಚಯವಾಗಿ, ಎಲೆಅಡಿಕೆ ಬದಲಾಯಿಸಿದ ವಾರಕ್ಕೇ ಆ ಮನೆಯ ಅಜ್ಜಿ ಸತ್ತು, ಇವನ ಜಾತಕವೇ ಆಗಿಬರುವುದಿಲ್ಲ ಎಂದು ಸಂಬಂಧ ಮುರಿದಿದ್ದರು. ಆಗಿನಿಂದ ನಾಲ್ಕು ವರ್ಷ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಈಗ ತಾಳಿಗೆ ಮುಂಚೆ ನಿನ್ನ ಮನೆಯಲ್ಲೂ ಒಂದು ಸಾವಾದರೆ ಮದುವೆ ನಿಲ್ಲುತ್ತದೆ, ನಿಂತದ್ದು ಮತ್ತೆ ನಡೆಯುವುದಿಲ್ಲ. ನನಗೆ ಮೂವತ್ಮೂರು. ನನಗೆ ನೀನು ಬೇಕಾಗಿದ್ದೆ. ಹೆಣ್ಣು ನೋಡಲು ಬಂದ ದಿನ, ನಿಮ್ಮೂರಲ್ಲಿ ದ್ರಾಕ್ಷಿ ಹುಳಿಯಂತೆ ಎಂದು ಕೆಣಕಿದ್ದೆಯಲ್ಲ, ಅವತ್ತಿನಿಂದಲೇ ಬೇಕಾಗಿದ್ದೆ.

ಊರಿಗೆ ಬಂದರೆ ಗದ್ದಲವೋ ಗದ್ದಲ. ಮದುಮಗ ಓಡಿಹೋದ ಎಂದು ಸುದ್ದಿ. ಮಾವನ್ನ ನೋಡಲು ತೇನಿಗೆ ಹೋಗಿದ್ದೆ ಎಂದೆ. ನಮ್ಮವ್ವ ನನ್ನ ಕೈ ನೋಡಿ ಹಣೆ ಬಡಿದುಕೊಂಡಳು. ‘ಕಾಪು ಕಟ್ಕೊಂಡು ಊರೆಲ್ಲೆ ದಾಟ್ದ್ಯೇನ್ಲ ಪಾವಿ’ ಎಂದಳು. ಅಷ್ಟರಲ್ಲಿ ಒಳಗಿನಿಂದ ನೀನು ಎದ್ದು ಬಂದೆ. ಹೂವು ಅರ್ಧ ಮುಡಿಸಿದ್ದರು. ಅಪ್ಪನ್ನ ನೋಡುವ ತನಕ ಹಸೆಮಣೆಯ ಮೇಲೆ ಕೂರುವುದಿಲ್ಲ ಎಂದು ಬೆಳಗಿನಿಂದ ಹಟ ಹಿಡಿದಿದ್ದೆಯಂತೆ. ನನಗೆ ಅದು ಆಗಲೇ ಗೊತ್ತಾದದ್ದು.

‘ಅಪ್ಪನ್ನ ನೋಡುದ್ರ ಮಾಮ? ಏನ್ ಏಳುದ್ರು?’ ಎಂದು ನನ್ನನ್ನು ಕೇಳಿದೆ.

ನಾನು ನಗುಮುಖ ಮಾಡಿದೆ.

‘ಚೆನ್ನಾಗವ್ರೆ. ಮುಹೂರ್ತ ತಪ್ಪಿಸ್ಬೇಡಿ, ನಡ್ಸಿ, ನಾನ್ ಊಟಕ್ ಬತ್ತೀನಿ ಅಂದ್ರು.’

ನಿನ್ನ ಮುಖ ಅರಳಿತು. ಹೂವಿನವಳ ಮುಂದೆ ಹೋಗಿ ನೀನೇ ತಲೆ ಬಗ್ಗಿಸಿ ಕೂತೆ. ಕಾಪು ಕಟ್ಟಿಕೊಂಡು ಹೋದರೂ ಒಳ್ಳೇ ಮಾತೇ ತಂದನಲ್ಲ ಎಂದು ಮುದುಕಿಯರು ನನ್ನನ್ನು ಹೊಗಳಿದರು.

ಇಷ್ಟೇ ಆಗಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು. ಇನ್ನೂ ಇದೆ.

ನಾವು ಹಸೆಮಣೆಯ ಮೇಲೆ ಕೂತ ಮೇಲೆ ಎದುರಿನ ಬೂತಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣಾಚ್ಚಿ ಚಪ್ಪರದಲ್ಲಿ ಅಕ್ಷತೆ ಹಿಡಿದು ನಿಂತಿದ್ದ, ಬೂತಿನಲ್ಲಿ ಯಾರೂ ಇರಲಿಲ್ಲ. ನಿಂತಿತು. ಮತ್ತೆ ಹೊಡೆಯಿತು. ನೀನು ತಲೆಯೆತ್ತಿ ಆ ಕಡೆ ನೋಡಿದೆ, ನೆನಪಿದೆಯಾ? ನಾನು ಮೈಕ್‌ಸೆಟ್ಟಿನವನಿಗೆ ಕೈಸನ್ನೆ ಮಾಡಿ, ‘ಪಾಟು ಜೋರಾ ಇಡಪ್ಪ’ ಎಂದೆ. ಮದುಮಗನ ಉತ್ಸಾಹ ನೋಡಿ ಎಂದು ಎಲ್ಲರೂ ನಕ್ಕರು, ನೀನೂ ನಕ್ಕೆ. ಅವನು ಗುಂಡಿಯನ್ನು ಪೂರ್ತಿ ತಿರುಗಿಸಿದ. ಮೂರನೆಯ ಸಲ ಫೋನು ಹೊಡೆಯಿತೋ ಇಲ್ಲವೋ ನನಗೆ ಕೇಳಲಿಲ್ಲ. ತಾಳಿಗೆ ಎರಡು ಗಂಟು ನಾನು ಹಾಕಿದೆ. ಮೂರನೆಯ ಗಂಟನ್ನು ನನ್ನ ತಂಗಿ ಹಾಕಿದಳು.

ಮಧ್ಯಾಹ್ನ ನೀನು ನಿನ್ನ ಪಕ್ಕದ ಎಲೆಗೆ ಯಾರನ್ನೂ ಕೂರಿಸಗೊಡಲಿಲ್ಲ. ಅಪ್ಪ ಬರುತ್ತಾರೆ ಎಂದೆ. ಪಾಯಸ ಬಡಿಸುವ ಹೊತ್ತಿಗೆ ಚಿಕ್ಕಪ್ಪ ಬಂದು ಚಪ್ಪರದ ಕಂಬ ಹಿಡಿದುಕೊಂಡು ನಿಂತರು. ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ ಎಂದು ಅತ್ತರು. ಹಾಡಿನ ಸದ್ದಿಗೆ ಕೇಳಿಸಿರುವುದಿಲ್ಲ ಎಂದು ಜನ ಸಮಾಧಾನ ಹೇಳಿದರು. ನಾನೂ ತಲೆಯಾಡಿಸಿದೆ.

ಅಂದಿನಿಂದ ನೀನು ಆ ಸುಳ್ಳಿನ ಮೇಲೆ ಎಷ್ಟು ಕಟ್ಟಿಕೊಂಡೆ. ಅಪ್ಪ ಖುಷಿಯಲ್ಲೇ ಹೋದರು, ನನ್ನ ಮದುವೆ ನಡೆಯಲಿ ಎಂದೇ ಹೋದರು ಎಂದು ಬಂದವರಿಗೆಲ್ಲ ಹೇಳಿದೆ. ಪ್ರತಿ ವರ್ಷ ಮದುವೆಯ ದಿನ ಮೊದಲ ಎಲೆ ಅವರಿಗೆ ಹಾಕಿ, ಊಟಕ್ಕೆ ಬರುತ್ತೇನೆ ಅಂದಿದ್ದರಲ್ಲ ಎಂದು ಅನ್ನ ಬಡಿಸುತ್ತೀಯ. ಆಮೇಲೆ ಅದೇ ಎಲೆಯ ಮುಂದೆ ನನ್ನನ್ನು ಕೂರಿಸುತ್ತೀಯ, ಕಡೆಯದಾಗಿ ಅವರನ್ನು ನೋಡಿಬಂದವನು ನಾನೇ ಎಂದು. ಆ ಅನ್ನ ನಾನು ಹೇಗೆ ತಿಂದೆ ಎಂದು ಕೇಳಬೇಡ. ತಿಂದೆ, ಅಷ್ಟೇ. ಎರಡನೆಯ ಸಲ ಸಾರನ್ನೂ ಹಾಕಿಸಿಕೊಂಡಿದ್ದೇನೆ.

ನಾಳೆ ಸಂಜೆ ನಮ್ಮ ಮಗಳು ಸೆಲ್ವಿಗೆ ಕಾಪು. ಮದುವೆಯ ಊಟದಲ್ಲಿ ತಾತನ ಎಲೆ ಮೊದಲು ಬೀಳಬೇಕು ಎಂದು ಅಡುಗೆಯವರಿಗೆ ನೀನು ನಿನ್ನೆಯೇ ಹೇಳಿದೆ. ಸೆಲ್ವಿ ನಿನ್ನ ತೊಡೆಯ ಮೇಲೆ ತಲೆಯಿಟ್ಟು, ತಾತ ಏನಂದರು, ಇನ್ನೊಂದು ಸಲ ಹೇಳವ್ವ ಎಂದಳು. ನೀನು ಹೇಳಿದೆ, ನನ್ನದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ನಾನು ಎದ್ದು ತೋಟಕ್ಕೆ ಹೋಗಿಬಿಟ್ಟೆ.

ನಿನಗೆ ಈ ಅಕ್ಷರ ಬರುವುದಿಲ್ಲ. ಆದ್ದರಿಂದ ನಾನೇ ಓದಬೇಕು, ನನ್ನ ಬಾಯಿಂದಲೇ. ಅವಳ ಕೈಗೆ ದಾರ ಬೀಳುವ ಮುಂಚೆ, ನಾಳೆ ಬೆಳಿಗ್ಗೆ ಓದುತ್ತೇನೆ. ಆಮೇಲೆ ನೀನು ಏನು ಮಾಡಿದರೂ ಸರಿ. ಮಗಳ ಧಾರೆಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳದಿದ್ದರೂ ಸರಿ.

ಒಂದು ವಿಷಯ ಉಳಿಯಿತು. ಅಪ್ಪನ ದೇಹವನ್ನು ತಂದು ಮಲಗಿಸಿದಾಗ ತಲೆ ಒಂದೇ ಕಡೆ ವಾಲಿತ್ತು, ನೆಟ್ಟಗೆ ಮಾಡಲು ಆಗಲಿಲ್ಲ. ಯಾಕೆ ಹಾಗೆ ಎಂದು ನೀನು ಚಿಕ್ಕಪ್ಪನನ್ನು ಕೇಳಿದ್ದೆ. ಗೊತ್ತಿಲ್ಲ ಪಾಪ, ಬೆಳಗಿನಿಂದ ಬಾಗಿಲ ಕಡೆಗೇ ತಿರುಗಿಕೊಂಡಿದ್ದರು ಎಂದರು ಅವರು. ನನಗೆ ಗೊತ್ತಿತ್ತು. ನಾನು ಅವರ ಕಾಲ ಹತ್ತಿರ ನಿಂತಿದ್ದೆ, ಹೇಳಲಿಲ್ಲ. ನಿನ್ನನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ನಾನು ಆ ಬಾಗಿಲಿನಿಂದಲೇ ಹೊರಗೆ ಬಂದಿದ್ದೆ.