ಬಿಳಿಚೋಡಿನ ನಲವತ್ತು ಡಬ್ಬಿ

ಬೆಳಗಿನ ಐದೂವರೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಗಾದ್ರಮ್ಮನ ಮನೆ ಮುಂದೆ ಮೊಪೆಡ್ ನಿಂತಿದೆ. ಹಿಂದೆ ಐಸ್ ಪೆಟ್ಟಿಗೆ. ಅಂಜಿನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ. ಗಾದ್ರಮ್ಮ ಡಬ್ಬಿ ಹಿಡಿದು ಹೊರಬರುತ್ತಾರೆ.

“ಮೊಮ್ಮಗಳು ಹೋಗಿ ಬಂದ್ಲಾ?”

“ಬಂದ್ಲು ಕಣಕ್ಕ. ತಗಾ, ನಿನ್ನ ಬಂಗಾರ.”

ಐವತ್ತೆರಡರ ಅಂಜಿನಮ್ಮ ಮುಖ ಸಿಂಡರಿಸುವುದಿಲ್ಲ. ಮಲದ ಡಬ್ಬಿಯ ಮುಚ್ಚಳ ಬಿಗಿದು, ಹೊತ್ತು ಬರೆದು, ಐಸಿನ ನಡುವೆ ಹೂತಿಡುತ್ತಾರೆ. ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕೆ ಮಾದರಿ ತರುವುದು ಅವರ ಕೆಲಸ. ದಿನಕ್ಕೆ ಎಂಟು ಮನೆ, ಐದು ದಿನಕ್ಕೆ ನಲವತ್ತು ಮಕ್ಕಳು. ನಾಲ್ಕು ತಾಸಿನೊಳಗೆ ಡಬ್ಬಿ ದಾವಣಗೆರೆಯ ಲ್ಯಾಬು ಮುಟ್ಟಬೇಕು, ಒಳಗಿನ ಬ್ಯಾಕ್ಟೀರಿಯಾಗಳ ಜೀವ ಉಳಿದಿರಬೇಕು.

ಹದಿನೆಂಟು ವರ್ಷ ಗಾರೆ ಕೆಲಸ ಮಾಡಿ ಸೊಂಟ ಸೋತ ಮೇಲೆ ಈ ಕೆಲಸಕ್ಕೆ ಬಂದವರು. ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ, ಅವುಗಳ ನಡುವಿನ ಸಂದುಗಳಿಗೆ ಅದೇ ಬಿಗಿ. ಅಂಜಿನಮ್ಮ ಇದನ್ನು ತಮ್ಮ ಗಾರೆ ಕೆಲಸದ ಲೆಕ್ಕದಲ್ಲೇ ತಿಳಿದಿದ್ದಾರೆ: “ರೊಟ್ಟಿ, ಕಾಳು, ಸೊಪ್ಪು ತಿಂದ್ರೆ ಅವಕ್ಕೆ ಕೂಲಿ ಕೊಟ್ಟಂಗೆ ರೀ. ಒಳಗಿನ ಗ್ವಾಡೆಗೆ ಗಿಲಾವು ಮಾಡ್ತವೆ. ಸಂದು ಬಿಟ್ರೆ ಹೊಲಸು ರಕ್ತಕ್ಕೆ ಇಳೀತೈತೆ.”

ಮೊದಲ ಸುತ್ತು ಮಾತ್ರ ಕೈಕೊಟ್ಟಿತ್ತು. ನಲವತ್ತರಲ್ಲಿ ಮೂವತ್ತೊಂದು ಡಬ್ಬಿಗಳ ಮಾದರಿಯಿಂದ ಲ್ಯಾಬಿನಲ್ಲಿ ಏನೂ ಬೆಳೆಯಲಿಲ್ಲ. ಬಿಸಿಲಿಗೆ ಇಟ್ಟಿದ್ದೀರಿ, ಬೇರೆ ಊರು ನೋಡುತ್ತೇವೆ ಎಂದಿತು ಲ್ಯಾಬು. ಅಂಜಿನಮ್ಮ ಮನೆಮನೆ ಸುತ್ತಿದರು. ಗುಟ್ಟು ಬಿಟ್ಟುಕೊಟ್ಟವರು ಗಾದ್ರಮ್ಮ.

“ಮಂದಿ ಕೈಗೆ ಕೊಡೋ ಡಬ್ಬಿ, ಹಂಗೇ ಕೊಟ್ರೆ ಏನಂದ್ಕಂತಾರೆ? ಹಿಂದಿನ ರಾತ್ರೀನೇ ಫಿನಾಯಿಲ್ ಹಾಕಿ ತೊಳ್ದಿಟ್ಟಿದ್ದೆ.”

“ಎಷ್ಟು ಹಾಕಿದ್ದೆ?”

“ನಮ್ಮನೆ ಮರ್ಯಾದೆ ಎಷ್ಟೈತೋ ಅಷ್ಟು.”

ಮೂವತ್ತೊಂದು ಮನೆಯಲ್ಲೂ ಅದೇ ಮರ್ಯಾದೆ. ಬ್ಯಾಕ್ಟೀರಿಯಾಗಳನ್ನು ಕೊಂದದ್ದು ಬಿಸಿಲಲ್ಲ, ಫಿನಾಯಿಲು. ಅಂಜಿನಮ್ಮ ಲ್ಯಾಬಿನವರಿಂದ ಇನ್ನೊಂದು ವಾರದ ಅವಕಾಶ ಕೇಳಿ ಪಡೆದರು. ಅಂದಿನಿಂದ ಡಬ್ಬಿಯನ್ನು ಹಿಂದಿನ ದಿನ ಕೊಡುವುದಿಲ್ಲ. ಬೆಳಿಗ್ಗೆ ಹೊಸ್ತಿಲಲ್ಲೇ ಹೊಸ ಡಬ್ಬಿಯ ಸೀಲು ಒಡೆದು ಕೊಡುತ್ತಾರೆ. ಇವತ್ತಿನದು ಆ ವಾರದ ಕೊನೆಯ ಎಂಟು. ಒಂದು ಮಗು ಮುಕ್ಕಾಲು ಗಂಟೆ ಸತಾಯಿಸಿದೆ. ದಾವಣಗೆರೆ ಬಸ್ಸು ಹೊರಡುವ ಹೊತ್ತಿಗೆ ಪೆಟ್ಟಿಗೆ ಹತ್ತುತ್ತದೆ.

“ಅಂಜಿನಮ್ಮ, ಲಗೇಜು ವಾಸನೆ ಬಂದ್ರೆ ಇಳಿಸ್ತೀನಿ,” ಎನ್ನುತ್ತಾರೆ ಕಂಡಕ್ಟರ್ ಜಂಪಣ್ಣ, ತಮ್ಮ ಸೀಟಿನ ಪಕ್ಕ ಜಾಗ ಮಾಡುತ್ತಾ.

“ನಿನ್ನ ಹೊಟ್ಟೆಯಾಗೂ ಅದೇ ಲಗೇಜು ಐತೆ. ಬಿಡು ಬಸ್ಸು.”

ಅದಾದ ಆರನೆಯ ದಿನ ಲ್ಯಾಬಿನಿಂದ ಫೋನು ಬರುತ್ತದೆ. ನಲವತ್ತಕ್ಕೆ ನಲವತ್ತೂ ಡಬ್ಬಿಗಳ ಬ್ಯಾಕ್ಟೀರಿಯಾಗಳು ಬೆಳೆದಿವೆ. ಬಿಳಿಚೋಡು ಅಧ್ಯಯನದಲ್ಲಿ ಉಳಿದಿದೆ. ಅಂಜಿನಮ್ಮ ಸೆರಗಿನಿಂದ ಐಸ್ ಪೆಟ್ಟಿಗೆ ಒರೆಸುತ್ತಾರೆ.

“ನಾನು ಮೆತ್ತಿದ ಗ್ವಾಡೆ ಎಷ್ಟು ನಿಂತಾವೋ, ಎಷ್ಟು ಬಿದ್ದಾವೋ ಯಾರಿಗ್ಗೊತ್ತು. ಈ ನಲವತ್ತು ಹೊಟ್ಟೆಯಾಗೆ ಮಾತ್ರ ಮೇಸ್ತ್ರಿಗಳು ಕೆಲಸದ ಮ್ಯಾಗೆ ಅದಾರೆ. ನಾನೇ ಲ್ಯಾಬಿಗೆ ಕರ್ಕೊಂಡೋಗಿ ತೋರ್ಸೀನಿ.”